ಸೇರಿಸಿ ಓದಿಕೊಳ್ಳಿ

ಜನವರಿ 9

ಮಾನ್ಯ ಮನೆ ಮಾಲೀಕರಿಗೆ,

ನಲ್ಲಿ ಬೀದಿಯಲ್ಲಿರುವ ನಿಮ್ಮ ಮನೆ ಖಾಲಿ ಇದೆ ಎಂದು ನಗರಸಭೆಯ ವಸತಿ ಕಚೇರಿಯ ಹಲಗೆಯ ಮೇಲೆ ನೋಡಿ ಬರೆಯುತ್ತಿದ್ದೇನೆ. ಯಾವ ಪ್ರಾಣಿ ಯಾವ ಬೀದಿಯಲ್ಲಿ ಬೇಕಾದರೂ ವಾಸ ಮಾಡಬಹುದು ಎಂಬ ಆದೇಶ ಬಂದು ಆರು ವರ್ಷವಾಯಿತು. ಆ ಆದೇಶವನ್ನು ನಂಬಿ ಇದುವರೆಗೆ ಹನ್ನೊಂದು ಮನೆಗಳಿಗೆ ಅರ್ಜಿ ಹಾಕಿದ್ದೇನೆ. ಯಾರೂ ಇಲ್ಲ ಎನ್ನಲಿಲ್ಲ. ಉತ್ತರ ಬರೆಯಲಿಲ್ಲ, ಅಷ್ಟೆ.

ಅರ್ಜಿಯ ನಮೂನೆ ಜೊತೆಗಿದೆ. ಅದರ ಪೆಟ್ಟಿಗೆಗಳು ತೀರ ಚಿಕ್ಕವು, ಹಸು, ಕುರಿ, ಆನೆ ಇಂಥವರಿಗೆ ಅಳತೆ ಮಾಡಿ ಹೊಲಿಸಿದ ಹಾಗಿವೆ. ಕೌಂಟರಿನಲ್ಲಿದ್ದ ಗುಮಾಸ್ತ ಆಮೆ ಹೇಳಿದಂತೆ ಮೇಲೊಂದು, ಕೆಳಗೊಂದು ಬರೆದಿದ್ದೇನೆ. ಮೇಲಿನ ಪೆಟ್ಟಿಗೆಯಲ್ಲಿ ‘ಕತ್ತೆ’ ಎಂದೂ ಕೆಳಗಿನದರಲ್ಲಿ ‘ಕಿರುಬ’ ಎಂದೂ ಇದೆ. ದಯವಿಟ್ಟು ಎರಡನ್ನೂ ಸೇರಿಸಿ ಓದಿಕೊಳ್ಳಿ.

ನಾನು ಒಂಟಿ. ಗುಂಡಿ ಮಾಡುವ ಕೆಲಸದಲ್ಲಿದ್ದೇನೆ. ಮನೆಯಲ್ಲಿ ವಾಸನೆ ಬರುವಂಥ ಅಡುಗೆ ಮಾಡುವುದಿಲ್ಲ. ನನ್ನ ದನಿಯಿಂದ ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ನೋಡಿಕೊಳ್ಳುತ್ತೇನೆ. ಸೇರಿಸಿ ಓದಿದ ಮೇಲೂ ಮನೆ ಕೊಡುವ ಮನಸ್ಸಿದ್ದರೆ ಒಂದು ಸಾಲು ತಿಳಿಸಿ. ಇಲ್ಲದಿದ್ದರೆ ತೊಂದರೆ ತೆಗೆದುಕೊಳ್ಳಬೇಡಿ, ನನಗೆ ಅಭ್ಯಾಸವಾಗಿದೆ.

ಉತ್ತರ ಕಾಯುತ್ತಿರುವ,
ಅರ್ಜಿದಾರ


ಜನವರಿ 21

ಕಿರುಬಪ್ಪನಿಗೆ,

ನೀನು ಹೇಳಿದ ಹಾಗೆ ಸೇರಿಸಿ ಓದಿದೆ. ಓದಿ ನಕ್ಕೆ, ಬೇಜಾರು ಮಾಡಿಕೊಳ್ಳಬೇಡ. ಮೇಲಿನ ಪೆಟ್ಟಿಗೆ ಜಾತಿ, ಕೆಳಗಿನದು ಕರೆಯುವ ಹೆಸರು. ಕತ್ತೆಯ ಮರಿಗೆ ಕಿರುಬ ಅಂತ ಹೆಸರಿಡಬೇಕಾದರೆ ನಿನ್ನ ಅಪ್ಪ ಅಮ್ಮ ಎಂಥ ಎದೆಗಾರರಿರಬೇಕು. ನಾನು ಕೆಲಸ ಮಾಡುತ್ತಿದ್ದ ಸರಕು ಅಂಗಳದಲ್ಲೂ ಒಬ್ಬ ಇಲಿಯನ್ನು ಎಲ್ಲರೂ ‘ಆನೆ’ ಅನ್ನುತ್ತಿದ್ದರು. ನೀನೂ ಹಾಗೇ ಸಣಕಲು, ಪುಕ್ಕಲು ಅಂತ ಕಾಣುತ್ತದೆ. ಆ ಹೆಸರನ್ನು ಪೂರ್ತಿ ಬರೆಯಲು ನನಗೆ ಮನಸ್ಸು ಬರುವುದಿಲ್ಲ. ಕಿರು ಅನ್ನುತ್ತೇನೆ, ಸಾಕು.

ಹನ್ನೊಂದು ಮನೆಯವರ ವಿಷಯ ನೀನು ಹೇಳಬೇಕಾಗಿಲ್ಲ. ನಾನೂ ಕತ್ತೆಯೇ. ಮಕ್ಕಳನ್ನು ಬೈಯುವಾಗ ಎಲ್ಲರ ಬಾಯಿಗೂ ನಮ್ಮ ಹೆಸರು ಬರುತ್ತದೆ, ಮನೆ ಕೊಡುವಾಗ ಬರುವುದಿಲ್ಲ. ಮೂವತ್ತು ವರ್ಷ ತೂಕದ ಕಟ್ಟೆಯ ಮೇಲೆ ನಿಂತು ಸರಕು ತೂಗಿಸಿದೆ. ಒಂದು ಸಲವೂ ತೂಕ ತಪ್ಪಲಿಲ್ಲ. ಆದರೂ ನನ್ನ ನಂತರ ಒಬ್ಬ ಕುದುರೆ ಇನ್ನೊಮ್ಮೆ ನೋಡಿ ಸಹಿ ಹಾಕಬೇಕಿತ್ತು. ಈಗ ಬಂದರಿನ ಊರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳೊಬ್ಬಳಿದ್ದಾಳೆ, ಎತ್ತರ ಬೆಳೆದಿದ್ದಾಳೆ.

ಮನೆ ನಿನಗೇ. ಒಂದೇ ಷರತ್ತು. ಮಾಂಸ ತಿನ್ನುವ ಕುಲದವರನ್ನು ಹೊಸ್ತಿಲು ದಾಟಿಸಬಾರದು. ಅದರಲ್ಲೂ ಆ ನಗುವವರನ್ನು, ನೀನು ಹೆಸರಿಟ್ಟುಕೊಂಡಿರುವವರನ್ನು. ನಮ್ಮ ಮನೆಯಲ್ಲಿ ಏನೇ ಕಳೆದರೂ ‘ಕಿರುಬ ತಿಂತು’ ಅನ್ನುವುದು ಅಜ್ಜನ ಕಾಲದಿಂದ ಬಂದ ಮಾತು. ಒಂಬತ್ತು ವರ್ಷದ ಹಿಂದೆ ಅದು ನಿಜವೇ ಆಯಿತು. ಗೋಡೆಯ ಗಾರೆ ಕೆಲಸಕ್ಕೆ ಅವರಲ್ಲೊಬ್ಬ ಬಂದಿದ್ದ. ಅವನು ಕೆಲಸ ಮುಗಿಸಿದ ದಿನ ನಮ್ಮಜ್ಜನ ಕೊರಳ ಗಂಟೆ ಕಾಣೆಯಾಯಿತು. ಸರಕು ಎಳೆಯುತ್ತಿದ್ದ ಕಾಲದ ಗಂಟೆ, ಅವರದು ಅಂತ ಉಳಿದಿದ್ದ ಒಂದೇ ವಸ್ತು.

ಕೀ ಎದುರು ಮನೆಯ ಮೇಕೆಯ ಹತ್ತಿರವಿದೆ. ಗುಂಡಿ ತೋಡುವುದು ಸೊಂಟ ಮುರಿಯುವ ಕೆಲಸ, ಜೋಪಾನ.

ನಲ್ಲಿ ಬೀದಿಯ ಅಮ್ಮ


ಫೆಬ್ರವರಿ 3

ಅಮ್ಮನವರಿಗೆ,

ಕೀ ಸಿಕ್ಕಿತು. ಮೇಕೆಯವರು ಬಾಗಿಲು ತೆರೆದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಾಗಿಲು ಹಾಕಿಕೊಂಡರು. ಆಮೇಲೆ ಕಿಟಕಿಯ ಸರಳಿನ ನಡುವಿನಿಂದ ಕೀ ಹೊರಗೆ ಬಿತ್ತು. ಮನೆ ಚೆನ್ನಾಗಿದೆ. ಬೆಳಗಿನ ಬಿಸಿಲು ಅಡುಗೆಮನೆಯ ಮೂಲೆಯವರೆಗೆ ಬರುತ್ತದೆ. ಕಿಟಕಿ ಇರುವ ಕೋಣೆಯಲ್ಲಿ ಮಲಗಿ ನನಗೆ ನಾಲ್ಕು ವರ್ಷವಾಗಿತ್ತು.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅದರಲ್ಲಿ ಒಂದು ತಪ್ಪು ತಿಳಿವಳಿಕೆಯಾಗಿದೆ. ಅದನ್ನು ಈಗಲೇ ತಿದ್ದಿಬಿಡಬೇಕು ಎಂದು ಕೆಲಸದಿಂದ ಬಂದವನೇ ಬರೆಯಲು ಕೂತೆ.

ನಾನು ತೋಡುವುದು ಗುಂಡಿಯಲ್ಲ, ಮಾಡುವುದು ಗುಂಡಿ. ಅಂಗಿಯ ಗುಂಡಿ. ಜಿಂಕೆಗಳು ವರ್ಷಕ್ಕೊಮ್ಮೆ ಉದುರಿಸುವ ಕೊಂಬನ್ನು ತಂದು, ಸೀಳಿ, ಬಿಲ್ಲೆ ಕತ್ತರಿಸಿ, ತೂತು ಕೊರೆದು, ಉಜ್ಜಿ ಹೊಳಪು ಕೊಡುತ್ತೇವೆ. ಮೇಸ್ತ್ರಿ ಒಬ್ಬ ಮುದಿ ಜಿಂಕೆ. ಒಮ್ಮೊಮ್ಮೆ ತನ್ನದೇ ಹಳೆಯ ಕೊಂಬನ್ನು ಗುರುತು ಹಿಡಿದು ಸುಮ್ಮನೆ ನಿಂತುಬಿಡುತ್ತಾರೆ. ಸೀಳುವ ಕೆಲಸ ನನ್ನದು.

ಬೇರೇನೂ ತಿದ್ದಬೇಕಾದ್ದು ಈಗ ನೆನಪಿಗೆ ಬರುತ್ತಿಲ್ಲ.

ಕಿರು


ಫೆಬ್ರವರಿ 26

ಕಿರು,

ಗುಂಡಿಯ ವಿಷಯ ಮೊಮ್ಮಗಳಿಗೆ ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕಳು. ಇಷ್ಟು ದಿನ ನೀನು ಬೀದಿಯಲ್ಲಿ ಹಳ್ಳ ತೋಡುತ್ತಿದ್ದೀಯ ಅಂತ ಅವಳು ಚಿತ್ರ ಬೇರೆ ಬರೆದಿಟ್ಟಿದ್ದಳು.

ಈಗ ಕೋಪದ ವಿಷಯ. ಮೇಕೆಯಿಂದ ಪತ್ರ ಬಂತು. ಅವಳು ಬರೆಯುವಾಗ ಪದಕ್ಕೂ ಪದಕ್ಕೂ ನಡುವೆ ಒಂದು ಗೇಣು ಜಾಗ ಬಿಡುತ್ತಾಳೆ, ಕಾಗದ ಅವರಪ್ಪನ ಮನೆಯದು ಅನ್ನುವ ಹಾಗೆ. ಹೀಗೆ ಬರೆದಿದ್ದಾಳೆ: ‘ಅಕ್ಕಾ, ನಿಮ್ಮನೇಲಿ ಕತ್ತೆ ಕಿರುಬ ಬಂದು ಸೇರ್ಕೊಂಡಿದೆ. ನಿಮಗೆ ಗೊತ್ತೋ ಇಲ್ವೋ ಅಂತ ಬರೀತಿದೀನಿ. ಸಂಜೆ ಒಂದೊಂದ್ಸಲ ನಗುತ್ತೆ, ನಮ್ಮ ಮರಿಗಳು ಮಂಚದ ಕೆಳಗೆ ಹೋಗಿ ಕೂತ್ಕೋತಾವೆ. ಬೀದಿಯವರೆಲ್ಲ ಸಹಿ ಹಾಕಿ ನಗರಸಭೆಗೆ ಕೊಡೋಣ ಅಂತಿದೀವಿ.’

ನೋಡು, ಮೇಕೆಗೂ ಈಗ ಕತ್ತೆ ಅಂದರೆ ಕೀಳು. ‘ಬಂದು ಸೇರ್ಕೊಂಡಿದೆ’ ಅಂತೆ, ನೀನೇನು ತಿಗಣೆಯಾ? ಅವತ್ತೇ ಉತ್ತರ ಬರೆದು ಹಾಕಿದೆ. ಅದರ ಸಾರಾಂಶ ನಿನಗೂ ಗೊತ್ತಿರಲಿ. ‘ಗೊತ್ತಿದ್ದೇ ಕೊಟ್ಟಿದೀನಿ. ಕತ್ತೆ ಕಿರುಬ ನನ್ನ ಮಗ ಇದ್ದ ಹಾಗೆ. ನಗ್ತಾನೆ ಅಂತ ದೂರು ಕೊಡ್ತೀರಾ? ದುಡಿದು ಬಂದವನಿಗೆ ತನ್ನ ಮನೇಲಿ ನಗೋದಕ್ಕೂ ನಿಮ್ಮ ಅಪ್ಪಣೆ ಬೇಕಾ? ಅವನನ್ನ ಎಬ್ಬಿಸೋರು ಮೊದಲು ನನ್ನನ್ನ ಎದುರು ಹಾಕ್ಕೊಳ್ಳಲಿ.’

ಆ ಬೀದಿಗೆ ನನ್ನನ್ನು ಕಂಡರೆ ಹೆದರಿಕೆ ಇದೆ. ಇನ್ನು ನಿನ್ನ ತಂಟೆಗೆ ಬರುವುದಿಲ್ಲ. ನಗು, ಚೆನ್ನಾಗಿ ನಗು.

ಅಮ್ಮ


ಮಾರ್ಚ್ 15

ಅಮ್ಮನವರಿಗೆ,

ನೀವು ಆ ಪತ್ರ ಬರೆಯಬಾರದಿತ್ತು. ಕೃತಜ್ಞತೆ ಇಲ್ಲದೆ ಹೇಳುತ್ತಿಲ್ಲ.

ಮೇಕೆಯವರು ಅದನ್ನು ನಲ್ಲಿಯ ಹತ್ತಿರ ಎಲ್ಲರ ಎದುರು ಓದಿದರಂತೆ. ಕುರಿ ದಂಪತಿ, ಮೂಲೆಮನೆಯ ಮೊಲದ ಸಂಸಾರ, ಎಲ್ಲರೂ ಕೊಡ ಕೆಳಗಿಟ್ಟು ಕೇಳಿದರಂತೆ. ಮರುದಿನ ನಾನು ನೀರಿಗೆ ಹೋದಾಗ ಮೊದಲ ಸಲ ಸಾಲು ಚದುರಲಿಲ್ಲ. ನನ್ನ ಮುಂದೆ ನಿಂತಿದ್ದ ಕುರಿಯ ಬೆನ್ನು ನಡುಗುತ್ತಿತ್ತು, ಆದರೂ ನಿಂತಿದ್ದರು. ಹೋದ ವಾರ ಮೇಕೆಯವರು ಮರಿಯ ಅಂಗಿ ಹಿಡಿದು ಬಂದು, ‘ಒಂದು ಗುಂಡಿ ಕಿತ್ತೋಗಿದೆ, ನಿಮ್ಮ ಕಡೆ ಸಿಗತ್ತಾ?’ ಅಂದರು. ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ಹಿಂದೆಯೇ ನಿಂತಿದ್ದರು. ಐದು ಗುಂಡಿ ಕೊಟ್ಟೆ. ಇದೆಲ್ಲ ನಿಮ್ಮ ಒಂದು ಪತ್ರದಿಂದ. ಅದಕ್ಕೇ ಅದನ್ನು ಬರೆಯಬಾರದಿತ್ತು ಎಂದದ್ದು.

ನಾನು ನಗುವುದು ಖುಷಿಗಲ್ಲ, ಅಮ್ಮ. ಮೋರಿಯ ತಗಡು ಧಡಾರನೆ ಬಿದ್ದಾಗ, ಯಾರಾದರೂ ಹಿಂದಿನಿಂದ ಓಡಿ ಬಂದಾಗ ಬಂದುಬಿಡುತ್ತದೆ. ಇನ್ನೊಮ್ಮೆ ವಿವರವಾಗಿ ಬರೆಯುತ್ತೇನೆ.

ಕೆಲಸ ನಡೆಯುತ್ತಿದೆ. ಕಾರ್ಖಾನೆಯಲ್ಲಿ ನನ್ನ ಜಾಗಕ್ಕೆ ಮಾತ್ರ ಪರದೆ ಕಟ್ಟಿದ್ದಾರೆ. ನಾನು ಸೀಳುವುದನ್ನು ಗಿರಾಕಿಗಳು ಕಂಡರೆ ಆ ಗುಂಡಿಯನ್ನು ಎದೆಯ ಮೇಲೆ ಹಾಕಿಕೊಳ್ಳುವುದಿಲ್ಲವಂತೆ. ಮೇಸ್ತ್ರಿ ಕೆಟ್ಟವರಲ್ಲ, ಪರದೆಯನ್ನು ತಿಂಗಳಿಗೊಮ್ಮೆ ಒಗೆಸುತ್ತಾರೆ. ನಾಲ್ಕು ವರ್ಷ ಒಂದೇ ಬಟ್ಟೆ ನೋಡಿ ನೋಡಿ ಅದರ ಎಳೆಗಳೂ ನನಗೆ ಪರಿಚಯವಾಗಿವೆ. ಸಂಜೆ ಬಂದು ನಿಮ್ಮ ಕಿಟಕಿಯ ಎದುರು ಸುಮ್ಮನೆ ಕೂರುತ್ತೇನೆ.

ನಿಮ್ಮ ಮೊಮ್ಮಗಳು ಹೇಗಿದ್ದಾಳೆ? ಹಳ್ಳ ತೋಡುವ ಚಿತ್ರವನ್ನು ಹರಿಯಬೇಡ ಎಂದು ಹೇಳಿ.

ಕಿರು


ಏಪ್ರಿಲ್ 2

ಕಿರು,

ಪರದೆಯ ವಿಷಯ ಓದಿ ಮೈಯೆಲ್ಲ ಉರಿಯಿತು. ಕತ್ತೆ ಮುಟ್ಟಿದ ಗುಂಡಿಯೂ ಬೇಡವಾಯಿತೇ ಇವರಿಗೆ?

ಮೊಮ್ಮಗಳನ್ನು ಕೇಳಿದೆಯಲ್ಲ, ನಿನಗೆ ನಿಜ ಹೇಳುತ್ತೇನೆ. ಮಗಳು ಮದುವೆಯಾದದ್ದು ಕುದುರೆಯನ್ನು. ಮೊಮ್ಮಗಳು ಹೇಸರಗತ್ತೆ. ‘ಎತ್ತರ ಬೆಳೆದಿದ್ದಾಳೆ’ ಅಂತ ಬರೆದು ತೇಲಿಸಿಬಿಟ್ಟಿದ್ದೆ. ನಾಚಿಕೆಯಿಂದಲ್ಲ, ಸುಸ್ತಿನಿಂದ. ಹೇಳಿದ ಮೇಲೆ ಎದುರಿನವರ ಮುಖ ಬದಲಾಗುವುದನ್ನು ನೋಡಿ ನೋಡಿ ಸಾಕಾಗಿದೆ. ಬೀಗರು ಮಗುವನ್ನು ಮುದ್ದು ಮಾಡುತ್ತಾರೆ, ನೆಂಟರು ಬಂದಾಗ ಮಾತ್ರ ಹಿತ್ತಲಲ್ಲಿ ಆಡಲು ಕಳಿಸುತ್ತಾರೆ. ಮೊನ್ನೆ ಶಾಲೆಯ ನಮೂನೆಯಲ್ಲಿ ಅವಳ ಜಾತಿ ಬರೆಯಲು ಪೆಟ್ಟಿಗೆ ಸಾಲಲಿಲ್ಲವಂತೆ, ಮೇಡಂ ‘ಇತರೆ’ ಅಂತ ಬರೆದರಂತೆ. ಮನೆಗೆ ಬಂದು, ‘ಅಜ್ಜೀ, ಇತರೆ ಅಂದ್ರೆ ಯಾವ ಪ್ರಾಣಿ?’ ಅಂತ ಕೇಳಿದಳು. ಏನು ಹೇಳಲಿ, ಹೇಳು.

ಅವಳನ್ನು ಕರೆದುಕೊಂಡು ಜೂನ್ ಮೊದಲ ವಾರ ಅಲ್ಲಿಗೆ ಬರಬೇಕೆಂದಿದ್ದೇನೆ. ಹತ್ತು ದಿನ ಇರುತ್ತೇವೆ. ಹೊರಗಿನ ಕೋಣೆ ನಿನಗೆ, ಒಳಗಿನದು ನಮಗೆ. ಅವಳಿಗೆ ನಿನ್ನನ್ನು ನೋಡುವ ಆಸೆ. ಬರುವುದರೊಳಗೆ ಅಟ್ಟದ ಹಲಗೆ ಜೋತುಬಿದ್ದಿರುವುದನ್ನು ಸರಿಮಾಡಿಸು.

ಅಟ್ಟ ಅಂದಾಗ ಆ ಗಾರೆಯವನ ನೆನಪಾಗುತ್ತದೆ, ಅಲ್ಲಿಯ ಗೋಡೆಗೂ ಗಾರೆ ಹಾಕಿದವನು ಅವನೇ. ಗಂಟೆ ಕಾಣದಾದಾಗ ನಾನೇ ಅವನನ್ನು ನಲ್ಲಿಯ ಹತ್ತಿರ ನಿಲ್ಲಿಸಿ ಕೇಳಿದೆ. ನಾನು ಕೇಳುತ್ತಿದ್ದೇನೆ, ಅವನು ನಗುತ್ತಿದ್ದಾನೆ. ಕಣ್ಣಲ್ಲಿ ಕಣ್ಣಿಟ್ಟು ನಕ್ಕ. ಕದ್ದದ್ದಲ್ಲದೆ ನಗುತ್ತಾನೆ ಅಂತ ಬೀದಿಯೆಲ್ಲ ಮೇಲೆ ಬಿತ್ತು. ನಾನು ಹೊಡೆಯಲಿಲ್ಲ. ಬಿಡಿಸಲೂ ಇಲ್ಲ. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಅಮ್ಮ


ಏಪ್ರಿಲ್ 20

ಅಮ್ಮನವರಿಗೆ,

ಈ ಪತ್ರವನ್ನು ನೀವೊಬ್ಬರೇ ಇದ್ದಾಗ ಓದಿ. ಮೊಮ್ಮಗಳಿಗೆ ಓದಿ ಹೇಳಬೇಕೋ ಬೇಡವೋ ಆಮೇಲೆ ಯೋಚಿಸಿ.

ಅಟ್ಟದ ಹಲಗೆ ನಾನೇ ಸರಿಮಾಡಿದೆ. ಬಿಚ್ಚಿದಾಗ ಹಲಗೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಒಂದು ನೀಲಿ ಬಟ್ಟೆಯ ಚೀಲ ಸಿಕ್ಕಿಹಾಕಿಕೊಂಡಿತ್ತು. ಅದರ ಬಾಯಿಯನ್ನು ಎರಡೆರಡು ಎಳೆ ಹಾಕಿ ಓರೆಯಾಗಿ ಹೊಲಿದಿದೆ. ನೀವು ಇಲ್ಲಿ ಬಿಟ್ಟುಹೋದ ದಿಂಬಿನ ಚೀಲಗಳಿಗೂ ಅದೇ ಹೊಲಿಗೆ. ಒಳಗೆ ಗಂಟೆ ಇದೆ. ಚೀಲದ ಮೇಲೆ ಗಾರೆಯ ಹನಿಗಳು ಬಿದ್ದು ಗಟ್ಟಿಯಾಗಿವೆ. ಅಂದರೆ ಗಾರೆಯವನು ಗೋಡೆ ಮುಟ್ಟುವ ಮೊದಲೇ ಅದು ಅಲ್ಲಿತ್ತು. ಅವನು ಬರುತ್ತಾನೆಂದು ನೀವೇ ಅದನ್ನು ಬಚ್ಚಿಟ್ಟಿರಬೇಕು, ಆಮೇಲೆ ಮರೆತಿರಬೇಕು. ಗಂಟೆಯನ್ನು ಯಾರೂ ತಿನ್ನಲಿಲ್ಲ.

ಇನ್ನೊಂದು. ನಾನು ಕತ್ತೆಯಲ್ಲ. ಮೇಲಿನ ಪೆಟ್ಟಿಗೆ, ಕೆಳಗಿನ ಪೆಟ್ಟಿಗೆ ಎರಡೂ ಸೇರಿ ಒಂದೇ ಪದ. ಕತ್ತೆಕಿರುಬ. ಅರ್ಜಿಯಲ್ಲಿ ನಾನು ಸುಳ್ಳು ಬರೆಯಲಿಲ್ಲ. ಆದರೆ ನೀವು ಬಿಡಿಸಿ ಓದಿದ್ದೀರಿ ಎಂದು ನಿಮ್ಮ ಮೊದಲ ಪತ್ರದಲ್ಲೇ ತಿಳಿಯಿತು. ತಿದ್ದಲೆಂದು ಕೂತು ಅಂಗಿಯ ಗುಂಡಿಯನ್ನು ತಿದ್ದಿ ಎದ್ದೆ. ಕಿಟಕಿ ಇರುವ ಮನೆ ಕೈತಪ್ಪುತ್ತದೆ ಎಂದು ಮೊದಲು. ಆಮೇಲೆ ಅದಕ್ಕಲ್ಲ. ಇಡೀ ಊರಿನಲ್ಲಿ ನನಗೆ ಜೋಪಾನ ಎಂದು ಬರೆದವರು ನೀವೊಬ್ಬರೇ. ಅದು ನಿಂತುಹೋಗುತ್ತದೆಂದು ಹೆದರಿದೆ.

ನಮ್ಮ ಜನಕ್ಕೆ ಹೆದರಿಕೆಯಾದರೆ ನಗು ಬರುತ್ತದೆ. ಬಿಕ್ಕಳಿಕೆಯ ಹಾಗೆ, ತಡೆದಷ್ಟೂ ಜೋರಾಗುತ್ತದೆ. ಖುಷಿಯಾದಾಗ ನಾವು ಸುಮ್ಮನಿರುತ್ತೇವೆ. ಆ ದಿನ ನಲ್ಲಿಯ ಹತ್ತಿರ ಅವನು ಏಕೆ ನಕ್ಕ ಎಂಬುದು ಇದರ ಮೇಲೆ ನಿಮಗೆ ಗೊತ್ತಾಗುತ್ತದೆ. ಅವನು ಇನ್ನೂ ಇದ್ದಾನೆ. ನಮ್ಮವರ ಓಣಿಯ ಕೊನೆಯ ಮನೆ. ಅಂದಿನಿಂದ ಅವನಿಗೆ ಯಾರೂ ಕೆಲಸ ಕೊಡಲಿಲ್ಲ, ಅವನೂ ಗಾರೆ ಬಳಿಯುವ ಕರಣೆ ಮುಟ್ಟಲಿಲ್ಲ. ನನ್ನ ಮೇಲೆ ಕೋಪ ಬಂದರೆ ಬರಲಿ. ಅವನಿಗೆ ಒಂದು ಸಾಲು ಬರೆಯಿರಿ.

ಕೊಂಬನ್ನು ನಾನು ಸೀಳುವುದು ಹಲ್ಲಿನಿಂದ. ಪರದೆ ಅದಕ್ಕೆ. ನಾನು ತಿನ್ನುವುದು ಬೇಳೆ, ನಮ್ಮಪ್ಪ ತಿಂದದ್ದೂ ಬೇಳೆಯೇ. ಇದನ್ನು ಎಷ್ಟು ಸಲ ಎಷ್ಟು ಜನರಿಗೆ ಹೇಳಿದ್ದೇನೋ, ಹೇಳುವ ಶಕ್ತಿಯೂ ಈಗ ಉಳಿದಿಲ್ಲ.

ಕಿರು (ನೀವಿಟ್ಟ ಹೆಸರು, ಬೇಡವಾದರೆ ಹೊಡೆದುಹಾಕಿ)


ಮೇ 11

ಬಾಡಿಗೆದಾರರಿಗೆ,

ನಿಮ್ಮ ಪತ್ರ ತಲುಪಿದೆ. ಮನೆ ಕೊಡುವಾಗ ಹಾಕಿದ್ದ ಷರತ್ತು ನಿಮಗೆ ಗೊತ್ತಿದೆ. ಈ ತಿಂಗಳ ಕೊನೆಯೊಳಗೆ ಮನೆ ಖಾಲಿ ಮಾಡತಕ್ಕದ್ದು. ಬೀಗದ ಕೈಯನ್ನೂ ಗಂಟೆಯನ್ನೂ ಎದುರು ಮನೆಯಲ್ಲಿ ಕೊಟ್ಟು ಹೋಗುವುದು.

ಗಾರೆಯವನ ವಿಷಯ ನನಗೂ ಅವನಿಗೂ ಬಿಟ್ಟದ್ದು. ನೀವು ಹೇಳಿಕೊಡುವ ಅಗತ್ಯವಿಲ್ಲ.

ನನ್ನ ಮೊಮ್ಮಗಳ ವಿಷಯ ನಿಮಗೆ ಬರೆಯಬಾರದಿತ್ತು.

ಮನೆ ಮಾಲಕಿ


ಮೇ 19

ಅಮ್ಮನವರಿಗೆ,

ಇವತ್ತು ಮನೆ ಖಾಲಿ ಮಾಡಿದೆ. ನೆಲ ಒರೆಸಿದ್ದೇನೆ. ಅಡುಗೆಮನೆಯ ಕಿಟಕಿಯ ಅಗುಳಿ ಸಡಿಲವಾಗಿತ್ತು, ಬಿಗಿ ಮಾಡಿದ್ದೇನೆ. ಮಗು ಆ ಕಿಟಕಿಯ ಹತ್ತಿರ ಹೋದರೂ ಭಯವಿಲ್ಲ.

ಕೀಯನ್ನು ಮೇಕೆಯವರಿಗೆ ಕೊಟ್ಟೆ. ಈ ಸಲ ಕೈಯಲ್ಲೇ ತೆಗೆದುಕೊಂಡರು. ‘ಎಲ್ಲಿಗೆ ಹೋಗ್ತೀರಿ?’ ಎಂದು ಕೇಳಿದರು. ಕೆಲಸಕ್ಕೆ ದೂರವಾಗುತ್ತದೆ, ಹತ್ತಿರ ಮನೆ ಸಿಕ್ಕಿದೆ ಎಂದೆ. ನಿಮ್ಮ ಮಾತು ಅವರ ಬಳಿ ಹಾಗೆಯೇ ಇದೆ, ಅದನ್ನು ನಾನು ಕೆಡಿಸಲಿಲ್ಲ. ಗಂಟೆಯನ್ನು ಮಾತ್ರ ಅವರಿಗೆ ಕೊಡಲಿಲ್ಲ, ಕ್ಷಮಿಸಿ. ಒಂಬತ್ತು ವರ್ಷದ ಹಿಂದೆ ಕಳೆದ ಗಂಟೆ ನನ್ನ ಜಾತಿಯವನ ಕೈಯಿಂದ ಹೊರಬಂದರೆ ಅದು ಇನ್ನೊಂದು ಕಥೆಯಾಗುತ್ತದೆ. ಚೀಲದಲ್ಲೇ ಸುತ್ತಿ ಅಟ್ಟದ ಮೇಲೆ ಅದೇ ಮೂಲೆಯಲ್ಲಿಟ್ಟಿದ್ದೇನೆ. ನೀವೇ ಬಂದು ತೆಗೆದುಕೊಳ್ಳಿ.

ಪಕ್ಕದಲ್ಲಿ ಒಂದು ಪೊಟ್ಟಣವಿದೆ. ಮಗುವಿನ ಶಾಲೆಯ ಅಂಗಿಗೆ ಆರು ಗುಂಡಿ. ಅವುಗಳನ್ನು ಯಂತ್ರದಲ್ಲೇ ಸೀಳಿಸಿದ್ದೇನೆ, ನನ್ನ ಹಲ್ಲು ತಾಗಿಲ್ಲ.

ಇನ್ನು ಬರೆಯುವುದಿಲ್ಲ. ಬೇಕಾದರೆ ವಿಳಾಸ ಕಾರ್ಖಾನೆಯದೇ.

ಬಾಡಿಗೆದಾರ


ಜೂನ್ 8

ಕಿರು,

ನಲ್ಲಿ ಬೀದಿಯಿಂದ, ನಿನ್ನ ಕಿಟಕಿಯ ಎದುರು ಕೂತು ಬರೆಯುತ್ತಿದ್ದೇನೆ. ಬಂದು ಐದು ದಿನವಾಯಿತು.

ನಿನಗೆ ಆ ಮೇ ತಿಂಗಳ ಪತ್ರ ಬರೆಯಲು ಮೂರು ವಾರ ಹಿಡಿಯಿತು. ಆ ಮೂರು ವಾರವೂ ನನ್ನ ಕೋಪ ನಿನ್ನ ಮೇಲೆ ಅಂತಲೇ ಅಂದುಕೊಂಡಿದ್ದೆ. ಇಲ್ಲಿಗೆ ಬಂದು ಮೊಮ್ಮಗಳನ್ನು ಅಟ್ಟ ಹತ್ತಿಸಿ ಚೀಲ ತೆಗೆಸಿದೆ. ಹೊಲಿಗೆ ನನ್ನದೇ. ಅದನ್ನು ಹೊಲಿಯುವಾಗ ಯಾವ ಸ್ಟೂಲಿನ ಮೇಲೆ ಕೂತಿದ್ದೆ ಅನ್ನುವುದೂ ನೆನಪಿಗೆ ಬಂತು. ಕಿರುಬ ಕೆಲಸಕ್ಕೆ ಬರುತ್ತಾನೆ, ಕಣ್ಣಿಗೆ ಬೀಳಬಾರದು ಅಂತ ಬಚ್ಚಿಟ್ಟೆ. ಎಷ್ಟು ಚೆನ್ನಾಗಿ ಬಚ್ಚಿಟ್ಟೆನೆಂದರೆ ನನಗೇ ಸಿಗಲಿಲ್ಲ.

ಮೇಕೆ ಬಂದು ಜಗಳಕ್ಕೆ ನಿಂತಳು. ‘ನನ್ನ ಮಗ ಇದ್ದ ಹಾಗೆ ಅಂತ ಬರೆದಿದ್ರಲ್ಲ ಅಕ್ಕಾ, ಹಾಗಾದ್ರೆ ಯಾಕೆ ಬಿಟ್ರಿ? ನಾವು ಈಗಷ್ಟೇ ಅಭ್ಯಾಸ ಮಾಡ್ಕೋತಿದ್ವಿ’ ಅಂದಳು. ನನ್ನ ಪತ್ರವನ್ನು ಇನ್ನೂ ಡಬ್ಬಿಯಲ್ಲಿ ಮಡಿಸಿಟ್ಟಿದ್ದಾಳೆ. ನಾನು ತಪ್ಪು ಓದಿ ಬರೆದ ಪತ್ರ ಅದು ಅಂತ ಅವಳಿಗೆ ಹೇಳಲಿಲ್ಲ. ಆ ಮರ್ಯಾದೆ ನನಗೆ ಸಲ್ಲುವುದಿಲ್ಲ, ಆದರೂ ಹಿಂದಿರುಗಿಸಲು ಮನಸ್ಸಾಗಲಿಲ್ಲ. ನಿನ್ನ ಹತ್ತಿರ ಮಾತ್ರ ಒಪ್ಪಿಕೊಳ್ಳುತ್ತೇನೆ.

ನಿನ್ನೆ ಮಧ್ಯಾಹ್ನ ನಿಮ್ಮ ಓಣಿಗೆ ಹೋಗಿದ್ದೆ. ಒಂದು ಸಾಲು ಬರೆ ಅಂದಿದ್ದೆಯಲ್ಲ, ಬರೆಯಲು ಹೋದರೆ ಯಾವ ಪದವೂ ಸರಿಕಾಣಲಿಲ್ಲ, ಅದಕ್ಕೇ ನಾನೇ ಹೋದೆ. ಮೊಮ್ಮಗಳು ಜೊತೆಗಿದ್ದಳು. ನಿನ್ನ ಏಪ್ರಿಲ್ ಪತ್ರವನ್ನು ಇಲ್ಲಿಗೆ ಬರುವಾಗ ಬಸ್ಸಿನಲ್ಲಿ ಅವಳಿಗೆ ಪೂರ್ತಿ ಓದಿ ಹೇಳಿದ್ದೆ. ಕೊನೆಯ ಮನೆಯ ಮುಂದೆ ಅವನು ಬೆಂಚಿನ ಮೇಲೆ ಕೂತಿದ್ದ. ಮುದುಕನಾಗಿದ್ದಾನೆ, ಕತ್ತಿನ ಕೂದಲೆಲ್ಲ ಉದುರಿದೆ. ನನ್ನನ್ನು ನೋಡಿದವನೇ ಗುರುತು ಹಿಡಿದ. ಎದ್ದು ನಿಂತ. ನಿಂತು ನಗಲು ಶುರು ಮಾಡಿದ.

ಅದೇ ನಗು, ಕಿರು. ಒಂಬತ್ತು ವರ್ಷ ನನ್ನ ಕಿವಿಯಲ್ಲಿದ್ದದ್ದು. ಮೊಮ್ಮಗಳು ನನ್ನ ಸೆರಗು ಹಿಡಿದೆಳೆದು, ‘ಅಜ್ಜೀ, ಹಿಂದೆ ಸರಿ. ತಾತ ಹೆದರ್ಕೊಂಡಿದಾರೆ’ ಅಂದಳು.

ನಾನು ಹಿಂದೆ ಸರಿದೆ. ರಸ್ತೆಯ ಆಚೆ ಬದಿಯ ಕಟ್ಟೆಯ ಮೇಲೆ ಕೂತೆ. ಅವನ ನಗು ನಿಲ್ಲುವವರೆಗೆ ಕೂತೇ ಇದ್ದೆ, ಬಹಳ ಹೊತ್ತು ಹಿಡಿಯಿತು. ನಿಂತ ಮೇಲೆ ಅಲ್ಲಿಂದಲೇ ಹೇಳಿದೆ, ಗಂಟೆ ನನ್ನ ಅಟ್ಟದಲ್ಲೇ ಇತ್ತು, ನೀನು ಕದ್ದಿರಲಿಲ್ಲ ಅಂತ. ಓಣಿಯ ಬಾಗಿಲುಗಳಲ್ಲಿ ನಿಂತಿದ್ದವರೂ ಕೇಳಲಿ ಅಂತ ಜೋರಾಗಿಯೇ ಹೇಳಿದೆ. ‘ನನಗೆ ಗೊತ್ತಿತ್ತಲ್ಲ’ ಅಂದ, ಅಷ್ಟೇ. ಒಳಗೆ ಕರೆಯಲಿಲ್ಲ. ಕರೆಯಲಿ ಅಂತ ನಿರೀಕ್ಷಿಸುವ ಮುಖ ನನಗೂ ಇರಲಿಲ್ಲ. ಸಂಜೆ ನಲ್ಲಿಯ ಹತ್ತಿರ ಹೋಗಿ ಇವರೆಲ್ಲರಿಗೂ ಅದೇ ಮಾತು ಹೇಳಿದೆ. ಕುರಿ ಅಳಲು ಶುರು ಮಾಡಿದರು. ಮೇಕೆ ಕೊಡ ತುಂಬಿ ಹರಿಯುತ್ತಿದ್ದರೂ ನೋಡುತ್ತಾ ನಿಂತಿದ್ದಳು. ಅವಳೂ ಆ ದಿನ ಕೈಮಾಡಿದವಳೇ.

ಗಂಟೆಯನ್ನು ಹೊರಬಾಗಿಲಿಗೆ ಕಟ್ಟಿದ್ದೇನೆ. ಇನ್ನು ಯಾರು ಬಂದರೂ ಮುಟ್ಟಲಿ. ಗುಂಡಿಗಳನ್ನು ಮಗುವಿನ ಅಂಗಿಗೆ ಹೊಲಿದೆ. ಯಂತ್ರದ್ದು ಬೇಡವಂತೆ, ನಿನ್ನ ಹಲ್ಲಿನದೇ ಬೇಕಂತೆ ಅವಳಿಗೆ, ಶಾಲೆಯಲ್ಲಿ ತೋರಿಸುತ್ತಾಳಂತೆ.

ವಸತಿ ಕಚೇರಿಗೆ ಹೋಗಿ ಹೊಸ ನಮೂನೆ ತಂದಿದ್ದೇನೆ. ಪೆಟ್ಟಿಗೆ ನಿಜಕ್ಕೂ ಚಿಕ್ಕದು. ‘ಕತ್ತೆಕಿರುಬ’ ಅಂತ ಒಂದೇ ಸಾಲಿನಲ್ಲಿ, ಗೆರೆ ದಾಟಿಸಿ, ಅಂಚಿನವರೆಗೆ ಬರೆದಿದ್ದೇನೆ. ಗುಮಾಸ್ತ ಆಮೆ ಹೀಗೆ ಬರೆಯುವ ಹಾಗಿಲ್ಲ ಅಂದ, ಹಾಗಾದರೆ ದೊಡ್ಡ ಪೆಟ್ಟಿಗೆ ಅಚ್ಚು ಹಾಕಿಸು ಅಂದೆ. ಕೆಳಗೆ, ಕರೆಯುವ ಹೆಸರು: ಕಿರು. ಬರೆಯುವಾಗ ಒಂದು ಹೊಳೆಯಿತು. ನನ್ನ ಜಾತಿ ನಿನ್ನ ಜಾತಿಯ ಹೆಸರಿನಲ್ಲೂ ಇದೆ, ನನ್ನ ಹೇಸರಗತ್ತೆ ಮೊಮ್ಮಗಳ ಜಾತಿಯ ಹೆಸರಿನಲ್ಲೂ ಇದೆ. ನಿನಗೆ ಮೊದಲಲ್ಲಿ, ಅವಳಿಗೆ ಕೊನೆಯಲ್ಲಿ. ಇಷ್ಟು ದಿನ ಕಣ್ಣೆದುರಿಗಿದ್ದದ್ದು.

ಮನೆ ಖಾಲಿಯೇ ಇದೆ. ಷರತ್ತಿಲ್ಲ. ಬಾ ಅನ್ನುವ ಅಧಿಕಾರ ನಾನು ಉಳಿಸಿಕೊಂಡಿಲ್ಲ, ಆದರೂ ಅನ್ನುತ್ತೇನೆ. ಈ ಸಲ ಸೇರಿಸಿ ಓದಿದ್ದೇನೆ.

ಅಮ್ಮ


ಜೂನ್ 10

ಅಮ್ಮನವರಿಗೆ,

ಪತ್ರವನ್ನು ಪರದೆಯ ಹಿಂದೆ ನಿಂತು ಓದಿದೆ. ತುಂಬ ಹೊತ್ತು ಸುಮ್ಮನಿದ್ದೆ. ಮೇಸ್ತ್ರಿ ಇಣುಕಿ ನೋಡಿ ಹೋದರು.

ವಾಸಕ್ಕೆ ಬರುವ ಮಾತು ಈಗಲೇ ಬೇಡ. ಗಂಟು ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು, ಇದಕ್ಕೆ ನನ್ನಲ್ಲಿ ಸದ್ಯಕ್ಕೆ ತ್ರಾಣವಿಲ್ಲ. ಗಾರೆಯ ತಾತನನ್ನು ನಿನ್ನೆ ನೋಡಿದೆ. ಕರಣೆಯನ್ನು ಹೊರಗೆ ತೆಗೆದು ಬೆಂಚಿನ ಮೇಲೆ ಇಟ್ಟುಕೊಂಡಿದ್ದರು. ಕೆಲಸಕ್ಕಲ್ಲ, ಸುಮ್ಮನೆ ತುಕ್ಕು ಉಜ್ಜುತ್ತಿದ್ದರು.

ನೀವು ಊರಿಗೆ ಹೊರಡುವ ಮೊದಲು, ಈ ಭಾನುವಾರ ಮಧ್ಯಾಹ್ನ ಬರುತ್ತೇನೆ. ಮಗುವಿಗೆ ಆರು ಗುಂಡಿ ತರುತ್ತೇನೆ, ಹಲ್ಲಿನವು. ಗಂಟೆ ಬಾರಿಸುತ್ತೇನೆ. ಬಾಗಿಲು ತೆರೆದಾಗ ನಾನು ನಕ್ಕರೆ ಏನೂ ಅನ್ನಬೇಡಿ, ಸ್ವಲ್ಪ ಹೊತ್ತು ಹಾಗೆಯೇ ನಿಂತಿರಿ. ತಾನಾಗಿ ನಿಲ್ಲುತ್ತದೆ.

ಕಿರು